ಬನಹಟ್ಟಿಯ ಹೊಳೆಪ್ಪನೂ ಹತ್ತು ಲಿವರಿನ ಬೀಗವೂ

ಬನಹಟ್ಟಿಯ ಹೊಳೆಪ್ಪನ ಮನೆಯಲ್ಲಿ ಮಳೆ ಬಂದರೆ ಎಲ್ಲರೂ ತೋಯಿಸಿಕೊಳ್ಳಬೇಕು. ಛತ್ರಿ ಇಲ್ಲವೆಂದಲ್ಲ. ಬಟ್ಟೆ ಇದೆ, ಹಿಡಿಕೆ ಇದೆ, ಕಡ್ಡಿಗಳು ಮಾತ್ರ ಇಲ್ಲ. ಕಡ್ಡಿಗಳೆಲ್ಲ ಅರ ತಿಕ್ಕಿಸಿಕೊಂಡು, ತುದಿ ಬಾಗಿಸಿಕೊಂಡು, ಬೀಗ ತೆಗೆಯುವ ಆಯುಧಗಳಾಗಿ ಹೊಳೆಪ್ಪನ ಡಬ್ಬಿ ಸೇರಿವೆ. ಹೆಂಡತಿ ತಾರವ್ವ ತವರಿನಿಂದ ತಂದ ಹೊಸ ಛತ್ರಿಯೂ ಇದೇ ದಾರಿ ಹಿಡಿಯಿತು.

"ಮಂದಿ ಗಂಡಸರು ಸೆರೆ ಕುಡೀತಾರ, ಇಸ್ಪೀಟ ಆಡ್ತಾರ. ನಮ್ಮನ್ಯಾಂವಗ ಉಕ್ಕಿನ ಕಡ್ಡಿ ಕಂಡ್ರ ಕೈ ನಡಗತಾವ" ಎಂದು ಆಕೆ ನಳದ ಹತ್ತಿರ ನೆರೆಹೊರೆಯವರಿಗೆ ಹೇಳಿಕೊಳ್ಳುತ್ತಿದ್ದಳು. "ಸೆರೆ ಬಿಡಸಾಕ ಔಷಧ ಐತಿ. ಇದಕ್ಕೇನೈತಿ?"

ನೂಲಿನ ಅಂಗಡಿಗಳ ಸಾಲು ಮುಗಿಯುವಲ್ಲಿ ಗೋಣಿತಟ್ಟಿನ ನೆರಳು ಕಟ್ಟಿಕೊಂಡು ಹೊಳೆಪ್ಪ ಕೂರುತ್ತಿದ್ದ. ಕಪಾಟಿನ ಕೀಲಿಕೈ, ಗಾಡಿಯ ಕೀಲಿಕೈ ಮಾಡಿಕೊಡುವುದು ಹೊಟ್ಟೆಪಾಡು. ಅದನ್ನು ಅವನು ಕೆಲಸವೆಂದೇ ಎಣಿಸುತ್ತಿರಲಿಲ್ಲ. ಮನೆಯ ಬೀಗ ಸಿಕ್ಕಿಹಾಕಿಕೊಂಡಿದೆ ಎಂದು ಯಾರಾದರೂ ಓಡಿ ಬಂದರೆ, ಅವರ ಗೋಳು ಪೂರ್ತಿ ಕೇಳುವ ಮೊದಲೇ "ಎಷ್ಟು ಲಿವರಿಂದ್ರಿ?" ಎನ್ನುತ್ತಿದ್ದ. ಐದು ಎಂದರೆ ಆಕಳಿಸುತ್ತಿದ್ದ. ಏಳು ಎಂದರೆ ಎದ್ದು ನಿಲ್ಲುತ್ತಿದ್ದ. ಎಂಟು ಎಂದರೆ ಗಿರಾಕಿಗೇ ಚಹಾ ಕುಡಿಸುತ್ತಿದ್ದ.

ಲಿವರ್ ಎಂದರೆ ಬೀಗದ ಹೊಟ್ಟೆಯೊಳಗೆ ಒಂದರ ಮೇಲೊಂದು ಮಲಗಿರುವ ಲೋಹದ ಪಟ್ಟಿಗಳು. ಕೀಲಿಕೈ ಅವಷ್ಟನ್ನೂ ತಕ್ಕಷ್ಟೇ ಎತ್ತಬೇಕು. ಒಂದು ಪಟ್ಟಿ ಮುನಿಸಿಕೊಂಡರೂ ಬೀಗ ಬಾಯಿ ಬಿಡುವುದಿಲ್ಲ. ಈ ಪಟ್ಟಿಗಳನ್ನು ಒಲಿಸಿಕೊಳ್ಳಲೆಂದೇ ಹೊಳೆಪ್ಪ ಒಬ್ಬ ಲಾರಿ ಚಾಲಕನ ಕೈಕಾಲು ಹಿಡಿದು ಬೀಗಗಳಿಗೆ ಹೆಸರಾದ ಅಲಿಗಡದಿಂದ ಒಂದು ಉಪಕರಣ ತರಿಸಿದ್ದ. ಒಂದು ಸಣ್ಣ ಕೊಳವೆ, ಅದರೊಳಗೊಂದು ಸರಳು. ಕೊಳವೆಯ ಕೊಕ್ಕು ಅಗುಳಿಯನ್ನು ಒತ್ತಿ ಹಿಡಿದರೆ, ಸರಳಿನ ಕೊಕ್ಕು ಪಟ್ಟಿಗಳನ್ನು ಒಂದೊಂದಾಗಿ ಎತ್ತುತ್ತದೆ. ಪ್ರತಿ ಅಮಾವಾಸ್ಯೆಗೆ ಅದಕ್ಕೆ ಎಣ್ಣೆಸ್ನಾನ, ಊದಿನಕಡ್ಡಿ. ತಾರವ್ವನಿಗೆ ದೀಪಾವಳಿಯಲ್ಲೂ ಅಷ್ಟು ಉಪಚಾರ ನಡೆದಿರಲಿಲ್ಲ.

ಇದೇ ಹುಚ್ಚು ಜಮಖಂಡಿಯ ಧರ್ಮರಾಜನಿಗೂ ಇತ್ತು. ಅವನೂ ಕೀಲಿಕೈ ಮಾಡುವವನೇ. ಇಬ್ಬರೂ ಆಗಾಗ ಮುಧೋಳದ ಒಂದು ಚಹಾದಂಗಡಿಯಲ್ಲಿ ಕೂಡಿ, ಟವೆಲು ಹಾಸಿ, ತಂತಮ್ಮ ಆಯುಧಗಳನ್ನು ಹರವಿಕೊಂಡು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಒಮ್ಮೆ ಪೊಲೀಸಪ್ಪನೊಬ್ಬ ಇವರನ್ನು ಕಳ್ಳರೆಂದು ತಿಳಿದು ಬೇಡಿ ತೆಗೆದ. ಇವರು ಹೆದರುವುದು ಬಿಟ್ಟು, ಬೇಡಿಯೊಳಗೆ ಲಿವರ್ ಇವೆಯೋ ಇಲ್ಲವೋ ಎಂದು ಜಗಳಕ್ಕೆ ಬಿದ್ದರು. ತಲೆಕೆಟ್ಟವರೆಂದು ಅವನೇ ಬಿಟ್ಟು ಹೋದ.

ಜಗಳವಿಲ್ಲದೆ ಇಬ್ಬರೂ ಒಪ್ಪಿದ್ದು ಒಂದೇ ಮಾತು. ಹತ್ತು ಲಿವರಿನ ಬೀಗವನ್ನು ಒಡೆಯದೆ ತೆಗೆದವನೇ ಉಸ್ತಾದ. ಇನ್ನೊಬ್ಬ ಅದನ್ನು ನಾಲ್ಕು ಮಂದಿಯ ಎದುರು ಒಪ್ಪಿಕೊಳ್ಳಬೇಕು. ಆದರೆ ಹತ್ತು ಲಿವರಿನ ಬೀಗವನ್ನು ಇಬ್ಬರೂ ಕಣ್ಣಿನಿಂದ ಕಂಡಿರಲಿಲ್ಲ.

ಅದು ಸಿಕ್ಕಿದ್ದು ಆಲಮಟ್ಟಿಯ ಹಿನ್ನೀರು ಏರಿದ ಮರುವರ್ಷ. ಬೀಳಗಿ ಕಡೆಯ ಒಂದು ಮುಳುಗಡೆ ಊರಿನವರು ಹೊಳೆಯ ದಂಡೆ ಬಿಟ್ಟು ದಿಬ್ಬದ ಮೇಲೆ ಹೊಸ ಊರು ಕಟ್ಟಿಕೊಂಡಿದ್ದರು. ಅಲ್ಲಿನ ಬೀರೇಶ್ವರನ ಪೂಜಾರಿ ಅಮಸಿದ್ದಪ್ಪ ಒಂದು ಮುಂಜಾನೆ ಹೊಳೆಪ್ಪನ ಎದುರು ಬಂದು ನಿಂತ.

"ದೇವರ ಪೆಟಗಿ ಕೀಲಿ ತಗೀಬೇಕ್ರಿ. ಬೀರಪ್ಪನ ಬೆಳ್ಳಿ ಮುಖವಾಡ ಒಳಗೈತಿ. ಸೋಮವಾರ ಹೊಸ ಗುಡಿ ಪೂಜಿ."

"ಚಾವಿ ಎಲ್ಲೈತಿ?"

ಅಮಸಿದ್ದಪ್ಪ ನೆಲ ನೋಡಿದ. "ನೀರಾಗ್ರಿ."

ಆದದ್ದು ಇಷ್ಟು. ಆ ಕೀಲಿಕೈ ತಲೆತಲಾಂತರದಿಂದ ಇರುತ್ತಿದ್ದದ್ದು ಪೂಜಾರಿಯ ಹಳೆಮನೆಯ ಗೋಡೆಯ ಗೂಡಿನಲ್ಲಿ. ಊರು ಬಿಡುವ ದಿನ ಅವನ ತಾಯಿ ಸೋಮವ್ವ ದೇವರನ್ನು ಪೆಟ್ಟಿಗೆಯಲ್ಲಿಟ್ಟು, ಬೀಗ ಒತ್ತಿ, ರೂಢಿಯಂತೆ ಕೀಲಿಕೈಯನ್ನು ಗೂಡಿನಲ್ಲಿಟ್ಟಳು. ಪೆಟ್ಟಿಗೆ ಟ್ರ್ಯಾಕ್ಟರ್ ಏರಿತು. ಗೂಡು ಅಲ್ಲೇ ಉಳಿಯಿತು. ನೆನಪಾಗುವ ಹೊತ್ತಿಗೆ ಅದರೊಳಗೆ ಮೀನುಗಳು ಸಂಸಾರ ಹೂಡಿದ್ದವು. ಅಂದಿನಿಂದ ಊರ ಮಂದಿಗೆ ಮುದುಕಿಯೆಂದರೆ ನಗೆ. "ಸೋಮವ್ವ ದೇವರನ್ನ ತಂದ್ಲು, ಚಾವಿ ಗಂಗವ್ವಗ ಕೊಟ್ಟು ಬಂದ್ಲು" ಎಂದು ಹುಡುಗರೂ ಆಡಿಕೊಳ್ಳುತ್ತಿದ್ದರು. ಒಡೆಯೋಣವೆಂದರೆ ಹಿರಿಯರು ಒಪ್ಪಲಿಲ್ಲ. ಹೊಸ ಊರಿಗೆ ಕಾಲಿಡುತ್ತಲೇ ದೇವರ ಬೀಗ ಒಡೆದರೆ ಆ ಊರು ಏಳಿಗೆಯಾಗುವುದುಂಟೆ?

ಹೊಳೆಪ್ಪ ಇದನ್ನೆಲ್ಲ ಅರ್ಧ ಕಿವಿಯಲ್ಲಿ ಕೇಳಿದ. "ಎಷ್ಟು ಲಿವರಿಂದು?"

"ನಮಗೇನ್ ತಿಳೀತೈತ್ರಿ? ಮ್ಯಾಲೆ ಹತ್ತು ಅಂತ ಕೆತ್ತ್ಯಾರ."

ಕೂತಲ್ಲೇ ಹೊಳೆಪ್ಪನ ಕಣ್ಣು ತುಂಬಿ ಬಂದವು. ಮಕ್ಕಳು ಹುಟ್ಟಿದಾಗಲೂ ಹೀಗಾಗಿರಲಿಲ್ಲ. ಅಂದೇ ಧರ್ಮರಾಜನಿಗೆ ಹೇಳಿಕಳಿಸಿದ: "ಸೋಮವಾರ ಬಾ. ಕಣ್ತುಂಬ ನೋಡಿ, ಹೊಟ್ಟಿ ಉರಕೊಂಡು ಹೋಗು."

ಸೋಮವಾರ ಡೊಳ್ಳಿನವರು ಬಂದರು, ಸುತ್ತಲ ಊರಿನ ಭಕ್ತರು ಬಂದರು, ಧರ್ಮರಾಜನ ಬಸ್ಸು ಮಾತ್ರ ಬರಲಿಲ್ಲ. ಹೊಳೆಪ್ಪ ಎಷ್ಟು ಹೊತ್ತೆಂದು ರಸ್ತೆ ನೋಡಿಯಾನು? ಹಿರಿಯರು ಗದರಿದ ಮೇಲೆ ಪೆಟ್ಟಿಗೆಯ ಮುಂದೆ ಕೂತು ಉಪಕರಣ ಬಿಚ್ಚಿದ. ಬೀಗ ತೆಂಗಿನಕಾಯಿಯಷ್ಟು ದಪ್ಪ. ಅಗುಳಿ ಒತ್ತಿ, ಕಣ್ಣು ಮುಚ್ಚಿ, ಒಂದೊಂದೇ ಪಟ್ಟಿಯನ್ನು ಎತ್ತುತ್ತ ಹೋದ. ಮೈಯೆಲ್ಲ ಬೆವರಿತು. ಕಡೆಗೆ ಒಳಗೆಲ್ಲೋ ಮೆತ್ತಗೆ ಸದ್ದಾಗಿ ಬೀಗ ಬಾಯಿ ಬಿಟ್ಟಿತು.

"ತಗದೆ!" ಎಂದು ಹೊಳೆಪ್ಪ ಕೂಗಿದ.

"ಬೀರಪ್ಪ ತಗದ!" ಎಂದು ಮಂದಿ ಕೂಗಿದರು, ಭಂಡಾರ ಹಾರಿಸಿದರು. ಹೊಳೆಪ್ಪನ ಮೂಗಿಗೂ ಬಾಯಿಗೂ ಅರಿಸಿನ ಹೊಕ್ಕಿತು. ಅವನ ಕಡೆ ಯಾರೂ ತಿರುಗಿ ನೋಡಲಿಲ್ಲ. ಉಸ್ತಾದಗಿರಿ ಬೀರಪ್ಪನ ಪಾಲಾಗಿತ್ತು.

ಪೂಜಾರಿ ಮೈ ತೊಳೆದು ಒದ್ದೆ ಬಟ್ಟೆಯಲ್ಲಿ ಬರುವ ತನಕ ಮುಚ್ಚಳ ಎತ್ತುವಂತಿಲ್ಲ, ಅದು ಪದ್ಧತಿ. ಅಮಸಿದ್ದಪ್ಪ ಹಿನ್ನೀರಿಗೆ ಇಳಿದ. ಬಾಯಿ ಬಿಟ್ಟ ಬೀಗ ಕೊಂಡಿಯಲ್ಲಿ ಹಾಗೇ ತೂಗುತ್ತಿತ್ತು. ಆಗ ಬಂದ ಧರ್ಮರಾಜ, ಧೂಳು ಕೊಡವಿಕೊಳ್ಳುತ್ತ.

"ಇಷ್ಟು ಲಗೂ ಆತ? ಹತ್ತು ಲಿವರಿಂದು?" ಬಗ್ಗಿ ನೋಡಿ ನಕ್ಕ. "ಮುದುಕಿ ಕೀಲಿ ಹಾಕೇ ಇರಾಕಿಲ್ಲ ತಗೋ. ಸುಮ್ನ ಸಿಗಿಸಿಟ್ಟಿರಬೇಕು."

ಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದ ಸೋಮವ್ವ ಮುಖ ಎತ್ತಿದಳು. ಹೊಳೆಪ್ಪ ಅದನ್ನು ಗಮನಿಸಲಿಲ್ಲ. ಅವನ ತಲೆಗೆ ರಕ್ತ ಏರಿತ್ತು.

"ಹಂಗೇನು? ಹಂಗಾರ ನಿನ್ನ ಕಣ್ಣೆದುರಿಗೇ ತಗೀತೇನಿ, ನೋಡಲೇ!" ಎಂದವನೇ ಬೀಗವನ್ನು ಒತ್ತಿಬಿಟ್ಟ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಈ ಸಲ ಕೈ ಹದ ತಪ್ಪಿತ್ತು. ಎತ್ತಬೇಕಾದ್ದಕ್ಕಿಂತ ಹೆಚ್ಚು ಎತ್ತಿದ, ಜೋರು ಮಾಡಿದ, ಅಲಿಗಡದ ಕೊಕ್ಕು ಬಾಗಿತು. ಡೊಳ್ಳು ನಿಂತವು. ಅಮಸಿದ್ದಪ್ಪ ನೀರು ಸುರಿಸುತ್ತ ಬಂದು ನೋಡುತ್ತಾನೆ, ದೇವರು ಮತ್ತೆ ಒಳಗೆ.

"ಯಪ್ಪಾ, ಏನ್ ಮಾಡಿದಿ ಇದನ್ನ!"

ಭೂಮಿ ಬಾಯಿಬಿಟ್ಟರೆ ಸಾಕಿತ್ತು ಹೊಳೆಪ್ಪನಿಗೆ. ಧರ್ಮರಾಜ ನಿಧಾನಕ್ಕೆ ಅಂಗಿಯ ತೋಳು ಮಡಚಿ, ತನ್ನ ಉಪಕರಣ ತೆಗೆದು ಕೂತ. ಬಹಳ ಹೊತ್ತು ಹಿಡಿಯಿತು. ಆದರೂ ಬೀಗ ತೆರೆಯಿತು. ಮಂದಿ ಮತ್ತೆ ಬೀರಪ್ಪನ ಹೆಸರನ್ನೇ ಕೂಗಿದರು.

"ಈಗ ಮಂದಿ ಎದುರಿಗೆ ಹೇಳು, ಉಸ್ತಾದ ಯಾರು?" ಎಂದ ಧರ್ಮರಾಜ.

"ನಾ ಎಲ್ಲಾ ಸಡ್ಲ ಮಾಡಿಟ್ಟಿದ್ದೆ. ಕೂಸು ಕೈ ಹಾಕಿದ್ರೂ ತೆರೀತಿತ್ತು" ಎಂದ ಹೊಳೆಪ್ಪ.

"ಸಡ್ಲ? ಹಾಕಲೇನ್ ಮತ್ತ?" ಧರ್ಮರಾಜನ ಅಂಗೈ ಬೀಗದ ಮೇಲೆ ಬಂತು.

ಅದಕ್ಕಿಂತ ಮೊದಲು ಸೋಮವ್ವನ ಕೈ ಬಂದಿತ್ತು. ಮುದುಕಿ ಕೊಂಡಿಯಿಂದ ಬೀಗ ಕಿತ್ತುಕೊಂಡು, ಸೆರಗು ಸಿಗಿಸಿ, ದಿಬ್ಬ ಇಳಿಯತೊಡಗಿದಳು. ಏನಾಗುತ್ತಿದೆ ಎಂದು ಇಬ್ಬರಿಗೂ ಹೊಳೆಯುವಷ್ಟರಲ್ಲಿ ಆಕೆ ನೀರಿನಂಚಿಗೆ ತಲುಪಿದ್ದಳು. ಇಬ್ಬರೂ ಎದ್ದೆವೋ ಬಿದ್ದೆವೋ ಎಂದು ಓಡಿದರು. ಬೀಗ ಒಮ್ಮೆ ಬಿಸಿಲಿಗೆ ಮಿಂಚಿ, ಗುಳುಮ್ಮನೆ ಮುಳುಗಿತು.

"ಯವ್ವಾ! ಏನ್ ಮಾಡಿದಿ ಬೇ!" ಹೊಳೆಪ್ಪ ತಲೆ ಮೇಲೆ ಕೈ ಹೊತ್ತು ಕೂತ. "ಹಂತಾ ಕೀಲಿ ಈ ಜನ್ಮದಾಗ ಮತ್ತ ಸಿಗಾಂಗಿಲ್ಲ!"

ಪಕ್ಕದಲ್ಲಿ ಧರ್ಮರಾಜನೂ ಕುಸಿದು ಕೂತಿದ್ದ. ಸೋಮವ್ವ ಇಬ್ಬರನ್ನೂ ನೋಡಿದಳು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ.

"ಯಾಕ ಸಿಗಾಂಗಿಲ್ಲ? ಚಾವೀನೂ ಅಲ್ಲೇ ಐತಿ, ಹೋಗಿ ತಗೊಂಬರ್ರಿ." ನೀರಿನ ಕಡೆ ಕೈ ಚಾಚಿ, ದಾರಿ ಕೇಳಿದ ನೆಂಟರಿಗೆ ಹೇಳುವಂತೆ ಬಿಡಿಸಿ ಹೇಳಿದಳು. "ಮೊದಲ ನಮ್ಮ ಹಳೆ ಊರಿನ ಅಗಸಿ ಬಾಗಲಾ ಬರತೈತಿ. ಅದನ್ನ ದಾಟಿ ಎಡಕ್ಕ ಹೊಳ್ರಿ. ಬಾವಿ ಬಾಜೂಕ ದೊಡ್ಡ ಬೇವಿನ ಗಿಡ ಐತಿ. ಗಿಡದ ಎದುರಿಂದ ನಮ್ಮ ಮನಿ."

ಇಬ್ಬರೂ ಆಕೆ ಕೈ ಮಾಡಿದ ಕಡೆಗೇ ನೋಡುತ್ತ ಕೂತರು. ಹೊಳೆಪ್ಪನಿಗೆ ಹೇಳಿಕೊಳ್ಳಲಾರದಷ್ಟು ನಾಚಿಕೆಯಾಯಿತು. ಎಡಕ್ಕೆ ಹೊರಳಿದ ಮೇಲೆ ಬಾವಿ ಎಷ್ಟು ದೂರ ಎಂದು ಅವನು ಕೇಳಿದ, ಸೋಮವ್ವ ಅದನ್ನೂ ಹೇಳಿದಳು.