ಸ್ಟುಡಿಯೋ ಅಕ್ಕನ ಟವೆಲ್ ಆಟ

ಮೊನ್ನೆ ಕೂಡ್ಲಿಗಿ ನಿಲ್ದಾಣದಲ್ಲಿ ಕೊಟ್ಟೂರಿನ ಬಸ್ಸು ಹತ್ತಿ ಕೂತಿದ್ದೆ. ಕಿಟಕಿಯಿಂದ ಯಾರೋ ಎಸೆದ ಟವೆಲ್ಲು ಪಕ್ಕದ ಖಾಲಿ ಸೀಟಿಗೆ ಬೀಳುವ ಬದಲು ನೇರ ನನ್ನ ಮುಖಕ್ಕೆ ಬಂದು ಬಡಿಯಿತು. ಬೆವರು, ಬೀಡಿ, ಬಟ್ಟೆ ಸೋಪು ಕಲಸಿದ ವಾಸನೆ. ಬೇರೆಯವರಾಗಿದ್ದರೆ ಬೈಯುತ್ತಿದ್ದರು. ನನಗೆ ಸ್ಟುಡಿಯೋ ಅಕ್ಕ ನೆನಪಾದರು. ಅವರ ಬೆನ್ನಿಗೇ ಹಳೆಯ ಹೊಟ್ಟೆಕಿಚ್ಚೂ ನೆನಪಾಯಿತು. ಟವೆಲ್ಲನ್ನು ಪಕ್ಕದ ಸೀಟಿನ ಮೇಲೆ ಹಾಸಿದೆ.

ಕೊಟ್ಟೂರಿನಲ್ಲಿ ನನ್ನದೊಂದು ಕಂಪ್ಯೂಟರ್ ಕಲಿಸುವ ಸಣ್ಣ ಕೋಣೆ. ಅದಕ್ಕೆ ಅಂಟಿಕೊಂಡ ಹಾಗೆ ಅವರ ಫೋಟೋ ಸ್ಟುಡಿಯೋ. ಅವರ ಯಜಮಾನರು ಕ್ಯಾಮೆರಾ ಹೊತ್ತು ಮದುವೆಗಳಿಗೆ ಹೋದರೆ, ಅಕ್ಕ ಅಂಗಡಿಯಲ್ಲಿ ಕೂತು ಮದುಮಕ್ಕಳ ಫೋಟೋದ ಹಿಂದೆ ಗುಲಾಬಿ ತೋಟ ಕೂರಿಸುತ್ತಿದ್ದರು. ನಾನು ಬಿಡುವಿನಲ್ಲಿ ಆಟಗಳನ್ನು ಮಾಡುತ್ತಿದ್ದೆ. ದೊಡ್ಡ ಕಂಪನಿಗಳು ಮಾಡುವಂಥವಲ್ಲ. ಡೌನ್‌ಲೋಡ್ ಬೇಡ, ದುಡ್ಡು ಬೇಡ, ಲಿಂಕ್ ಒತ್ತಿದರೆ ಬ್ರೌಸರ್‌ನಲ್ಲೇ ತೆರೆದುಕೊಳ್ಳುವ ಪುಟ್ಟ ಆಟಗಳು. ನನ್ನಂಥ ಒಂಟಿ ಮಂದಿ ಎಲ್ಲೆಲ್ಲೋ ಕೂತು ಮಾಡಿ ಹಾಕುವ ತಾಣವೊಂದಿತ್ತು, ಅಲ್ಲಿ ಹಾಕುತ್ತಿದ್ದೆ. ಹಡಗಲಿಯಿಂದ ಹರಪನಹಳ್ಳಿವರೆಗೆ ಇಂಥದ್ದು ಮಾಡುವವನು ನಾನೊಬ್ಬನೇ ಎಂಬ ಜಂಬ ಬೇರೆ.

ಅಕ್ಕ ಒಂದು ದಿನ ಬಂದು ನನಗೂ ಕಲಿಸಿರಿ ಎಂದರು. ಕಲಿಸಿದೆ. ಕಲಿಸುವಾಗ ನಾನೇ ಮಾಡಿದ್ದ ‘ತೂಬು’ ಎಂಬ ಆಟವನ್ನು ತೋರಿಸಿದೆ. ಕೆರೆಯ ತೂಬುಗಳನ್ನು ಲೆಕ್ಕ ಹಾಕಿ ತೆರೆದು ಮುಚ್ಚಿ, ಎಲ್ಲ ಹೊಲಗಳಿಗೂ ನೀರು ಮುಟ್ಟಿಸುವ ಒಗಟು ಅದು. ವರ್ಷಗಟ್ಟಲೆ ತಿದ್ದಿ ತೀಡಿದ್ದೆ. ಅಕ್ಕ ಅರ್ಧ ಗಂಟೆ ಆಡಿ, “ಚಲೋ ಐತ್ರಿ ಸರ” ಎಂದರು. ಆಮೇಲೆ ತುಸು ತಡೆದು, “ಆದ್ರ ಇದ್ರಾಗ ಮಂದಿನ ಇಲ್ಲಲ್ರಿ” ಎಂದರು. ನಿನ್ನೆ ಮೊನ್ನೆ ನನ್ನ ಹತ್ತಿರ ಕಲಿತವರು ನನಗೇ ಬುದ್ಧಿ ಹೇಳುವುದೇ ಎಂದು ನಾನು ಮುಖ ಹುಳ್ಳಗೆ ಮಾಡಿಕೊಂಡೆ.

ಅವರು ಮಾಡಿದ್ದು ಟವೆಲ್ ಆಟ. ಕೂಡ್ಲಿಗಿ ನಿಲ್ದಾಣಕ್ಕೆ ಕೆಂಪು ಬಸ್ಸು ಬರುತ್ತದೆ. ಅದು ನಿಲ್ಲುವ ಮುಂಚೆಯೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯಬೇಕು. ಟವೆಲ್ ಆದ ಮೇಲೆ ಚೀಲ, ಚೀಲ ಆದ ಮೇಲೆ ಕಿಟಕಿಯಿಂದಲೇ ಒಳಗೆ ದಾಟಿಸುವ ಕೂಸು. ಇಷ್ಟೆಲ್ಲ ಮಾಡಿ ನೀವು ಹಿಡಿದ ಸೀಟಿಗೆ ಒಬ್ಬ ಅಜ್ಜಿ ಬರುತ್ತಾಳೆ. ಟವೆಲ್ಲನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು, ಎಲೆ ಅಡಿಕೆ ಮೆಲ್ಲುತ್ತ ಕೂತುಬಿಡುತ್ತಾಳೆ. ಏನು ಮಾಡಿದರೂ ಏಳುವುದಿಲ್ಲ. ಚಿತ್ರಗಳೆಲ್ಲ ಸೊಟ್ಟಪಟ್ಟ, ಬಸ್ಸಿನ ಗಾಲಿ ತಿರುಗುವುದೇ ಇಲ್ಲ. ಆದರೂ ಅಜ್ಜಿಯನ್ನು ಕಂಡು ನಾನು ನಕ್ಕುಬಿಟ್ಟೆ. ನಕ್ಕಿದ್ದನ್ನು ಯಾರಾದರೂ ನೋಡಿದರೇನೋ ಎಂದು ಬಾಗಿಲ ಕಡೆ ತಿರುಗಿದೆ.

ಆಟ ಎಲ್ಲೆಲ್ಲಿಗೋ ಹೋಯಿತು. ಕಾಲೇಜು ಹುಡುಗಿಯರು ಆಡಿದರು, ಕಿರಾಣಿ ಅಂಗಡಿಯವರು ಆಡಿದರು. ಹೊರದೇಶದ ಯಾರೋ ನಿಮ್ಮಲ್ಲಿ ನಿಜವಾಗಿಯೂ ಹೀಗೆ ಮಾಡುತ್ತಾರೆಯೇ ಎಂದು ಬರೆದು ಕೇಳಿದರೆ, ಅಕ್ಕ ಕೂಡ್ಲಿಗಿಗೆ ಬಂದು ನೋಡಿ ಎಂದು ಕನ್ನಡದಲ್ಲೇ ಉತ್ತರ ಹಾಕಿದರು. ಒಮ್ಮೆ ಹಗರಿಬೊಮ್ಮನಹಳ್ಳಿಯ ಬಸ್ಸಿನಲ್ಲಿ ಕಂಡಕ್ಟರ್ ತನ್ನ ಫೋನು ತೋರಿಸಿ, ನೀವು ಆಟ ಮಾಡುತ್ತೀರಂತಲ್ಲ, ಇದು ನಿಮ್ಮದೇನು ಎಂದು ಆಸೆಯಿಂದ ಕೇಳಿದ. ಅಲ್ಲ ಎಂದೆ. ಕಲಿಸಿದವನು ನಾನು ಎಂದು ಸೇರಿಸಿದೆ. ಅಷ್ಟರಲ್ಲಿ ಅವನು ಮುಂದಿನ ಸೀಟಿಗೆ ಹೋಗಿದ್ದ.

ಅಂದಿನಿಂದ ನನಗೆ ಒಂದೇ ಹಟ. ಅಕ್ಕ ನೋಡಿ ಉರಿದುಕೊಳ್ಳುವಂಥ ಒಂದು ಆಟ ಮಾಡಬೇಕು. ಒಂದೇ ಒಂದು ಸಲ ಅವರ ಮುಖ ಸಣ್ಣಗಾಗುವುದನ್ನು ನಾನು ಕಣ್ಣಾರೆ ನೋಡಬೇಕು. ಏನೇನೋ ಮಾಡಿದೆ. ಪ್ರತಿ ಸಲವೂ ಅಕ್ಕ ಪೂರ್ತಿ ಆಡಿ, ಅದೇ ‘ಚಲೋ ಐತ್ರಿ’ ಹೇಳಿ, ಚಹಾ ತರಿಸುತ್ತಿದ್ದರು. ಅವರ ಮನಸ್ಸಿನಲ್ಲಿ ಪೈಪೋಟಿಯೇ ಇರಲಿಲ್ಲ… ಅದಕ್ಕೇ ಇನ್ನಷ್ಟು ಉರಿಯುತ್ತಿತ್ತು.

ಆಮೇಲೆ ಅವರಿಗೆ ಕಾಯಿಲೆ ಬಂತು. ದಾವಣಗೆರೆಗೆ ಹೋಗುವುದು, ಬರುವುದು. ಸ್ಟುಡಿಯೋ ಬಾಗಿಲು ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ನಾನು ಆಗ ‘ಮಂಡಕ್ಕಿ ಅಂಗಡಿ’ ಶುರು ಮಾಡಿದ್ದೆ. ಸಂಜೆ ಗಿರಾಕಿಗಳೆಲ್ಲ ಒಟ್ಟಿಗೆ ಮುಗಿಬಿದ್ದು ಒಬ್ಬ ಖಾರ ಹಾಕು, ಒಬ್ಬ ಖಾರ ಬೇಡ, ಇನ್ನೊಬ್ಬ ಮಿರ್ಚಿ ಬಿಸಿ ಇಲ್ಲ ಎಂದು ಜಗಳ ತೆಗೆಯುವ ಆಟ. ತುಂಬ ಮಂದಿ ಅದರಲ್ಲಿ. ಈ ಸಲ ಗೆದ್ದೆ ಎಂದು ನನಗೇ ಗೊತ್ತಾಗಿತ್ತು. ಬೇಗ ಮುಗಿಸಿ ತೋರಿಸಬೇಕೆಂದು ತರಾತುರಿಯಲ್ಲಿದ್ದೆ. ಅಷ್ಟರಲ್ಲಿ ಅಕ್ಕ ಹೋಗಿಬಿಟ್ಟರು. ಮಣ್ಣು ಕೊಡಲು ಬಂದವರು ಕೂಡ ಆ ಟವೆಲ್ ಆಟದ ಮಾತೇ ಆಡುತ್ತಿದ್ದರು. ಅಂಥ ಹೊತ್ತಿನಲ್ಲೂ ನನ್ನ ಹೊಟ್ಟೆ ಉರಿಯಿತು…

ಬಹಳ ದಿನ ಮುಟ್ಟದೆ ಬಿಟ್ಟಿದ್ದ ಮಂಡಕ್ಕಿ ಅಂಗಡಿಯನ್ನು ಈ ವರ್ಷ ಮುಗಿಸಿ ತಾಣಕ್ಕೆ ಹಾಕಿದೆ. ಜನ ಆಡುತ್ತಿದ್ದಾರೆ, ನಗುತ್ತಿದ್ದಾರೆ, ನನ್ನ ಹೆಸರು ಕೇಳುತ್ತಿದ್ದಾರೆ. ಯಾರನ್ನು ಉರಿಸಬೇಕೆಂದು ಮಾಡಿದೆನೋ ಅವರಿಲ್ಲ.

ಮೊನ್ನೆ ಬಸ್ಸಿಳಿದವನು ನನ್ನ ಕೋಣೆಗೆ ಹೋಗಲಿಲ್ಲ, ಸ್ಟುಡಿಯೋಗೆ ಹೋದೆ. ಅಕ್ಕನ ಯಜಮಾನರು ಒಬ್ಬರೇ ಕೂತಿದ್ದರು. ಹೊಸ ಆಟ ನೋಡಿ ಎಂದು ಫೋನು ಕೊಟ್ಟೆ. ಅವರಾದರೂ ಆಕೆಯದ್ದಕ್ಕಿಂತ ಇದು ಮೇಲು ಎನ್ನಲಿ ಎಂಬ ಆಸೆ ನನಗೆ. ಅವರು ಸಾವಕಾಶವಾಗಿ ಆಡಿದರು, ಎರಡು ಸಲ ನಕ್ಕರು. ಫೋನು ಹಿಂದೆ ಕೊಟ್ಟು, ತಮ್ಮ ಕಂಪ್ಯೂಟರಿನ ಕಡೆ ತಿರುಗಿ ಟವೆಲ್ ಆಟ ತೆರೆದರು.

ಬಸ್ಸು ಬಂತು. ಕಿಟಕಿ ಎದುರಿಗೇ ಇತ್ತು. ಅವರು ಟವೆಲ್ಲನ್ನು ಬೇಕಂತಲೇ ನೆಲಕ್ಕೆ ಎಸೆದರು. ಮತ್ತೊಂದು ಬಸ್ಸು ಬಂತು, ಮತ್ತೆ ನೆಲಕ್ಕೇ ಎಸೆದರು. ನನಗೆ ತಲೆಬುಡ ತಿಳಿಯಲಿಲ್ಲ. ಮೂರನೆಯದೂ ತಪ್ಪಿದಾಗ ಆಟ ಮುಗಿಯಿತು. ಅಜ್ಜಿಯ ಚಿತ್ರದ ಕೆಳಗೆ ‘ಸೋತಿರಿ’ ಎಂದು ಬಂತು, ಸ್ಪೀಕರಿನಿಂದ ಅಕ್ಕನ ದನಿ ಕೇಳಿತು:

“ಹೋಗ್ಲಿ ಬಿಡ್ರಿ, ಇನ್ನೊಂದು ಬಸ್ ಐತಿ.”

ಸೋತವರಿಗೆ ಮಾತ್ರ ಕೇಳುವ ಹಾಗೆ ಅಕ್ಕ ತಮ್ಮದೇ ದನಿಯಲ್ಲಿ ಹೇಳಿಟ್ಟಿದ್ದ ಮಾತು. ಈ ಆಟವನ್ನು ಕದ್ದು ಕದ್ದು ಆಡುತ್ತಿದ್ದ ನಾನು ಯಾರಿಗೂ ಗೊತ್ತಾಗಬಾರದೆಂದು ಸದ್ದು ಮುಚ್ಚಿಯೇ ಆಡಿದ್ದೆ. ಅವರ ಯಜಮಾನರು ನನ್ನ ಕಡೆ ನೋಡಲಿಲ್ಲ. ನನ್ನ ಯಾವ ಆಟವನ್ನೂ ಯಾರೂ ಹೀಗೆ ಆಡುವುದಿಲ್ಲ ಎಂದು ಮತ್ತೆ ಹೊಟ್ಟೆ ಉರಿಯಿತು. ಆದರೂ ಸ್ಟೂಲು ಎಳೆದುಕೊಂಡು ಅವರ ಪಕ್ಕ ಕೂತೆ.

“ಇನ್ನೊಂದ್ಸಲ ಸೋಲ್ರಿ ಅಣ್ಣಾರ” ಎಂದೆ.