ದೀಪದ ಕೋಣೆಯ ದುಭಾಷಿ

ಈ ಸರ್ಕಾರಿ ಪ್ರೌಢಶಾಲೆಯಲ್ಲಿ ಊಟದ ಬಿಡುವು ಮುಗಿದ ಮೇಲೆ ಮಕ್ಕಳೆಲ್ಲ ತರಗತಿಗಳಿಗೆ ಹಿಂದಿರುಗುವುದಿಲ್ಲ. ವಿಶೇಷ ವಿಭಾಗಗಳಿಗೆ ಆಯ್ಕೆಯಾದವರು ದಿಕ್ಕಿಗೊಬ್ಬರಂತೆ ಚದುರುತ್ತಾರೆ. ಸಂಗೀತದವರು ಹಿಂದಿನ ಕಟ್ಟಡಕ್ಕೆ, ಓಟದವರು ಮೈದಾನಕ್ಕೆ, ಯಂತ್ರದ ಕೆಲಸ ಕಲಿಯುವವರು ಎಣ್ಣೆ ವಾಸನೆಯ ಶೆಡ್ಡಿಗೆ, ರಂಗದ ಬೆಳಕು ಮತ್ತು ಧ್ವನಿ ಕಲಿಯುವವರು ಸಭಾಂಗಣಕ್ಕೆ. ಆಯ್ಕೆಗೆ ಪರೀಕ್ಷೆಯಿದೆ, ಆದರೆ ಅಂಕಗಳನ್ನು ಕೇಳುವುದಿಲ್ಲ. ಗಣಿತದಲ್ಲಿ ಸದಾ ಮುಗ್ಗರಿಸುವ ಹುಡುಗ ಇಲ್ಲಿ ಲೇತ್ ಯಂತ್ರದ ಮುಂದೆ ರಾಜನ ಹಾಗೆ ನಿಲ್ಲುವುದುಂಟು.

ಸಭಾಂಗಣದ ಗುಂಪಿನ ಹಿಂದೆ ಪ್ರತಿ ಮಧ್ಯಾಹ್ನ ಒಬ್ಬ ಹೆಂಗಸು ನಡೆದುಹೋಗುತ್ತಿದ್ದರು. ಐವತ್ತು ದಾಟಿದ ವಯಸ್ಸು, ಕಪ್ಪು ಉಡುಪು, ಉಂಗುರವಾಗಲಿ ಬಳೆಯಾಗಲಿ ಇಲ್ಲದ ಬರಿಗೈಗಳು. ಮಕ್ಕಳು ಅವರಿಗೆ ಇಟ್ಟ ಹೆಸರು ಕೈ ಮೇಡಂ. ಅವರು ಸನ್ನೆ ಭಾಷೆಯ ದುಭಾಷಿ. ಕಪ್ಪು ಬಟ್ಟೆ ತೊಡುವುದು ಅದರ ಮುಂದೆ ಕೈಗಳು ಸ್ಪಷ್ಟವಾಗಿ ಕಾಣಲೆಂದು. ಶಾಲೆಯಲ್ಲಿ ಕಿವಿ ಕೇಳದ ವಿದ್ಯಾರ್ಥಿನಿ ಒಬ್ಬಳೇ, ಅವಳು ಎಲ್ಲಿದ್ದರೆ ಇವರೂ ಅಲ್ಲಿ.

ಈ ಕೆಲಸಕ್ಕೆ ಕಟ್ಟುನಿಟ್ಟಿನ ಒಂದು ಪದ್ಧತಿಯಿದೆ. ಹುಡುಗಿ ಕೈಯಲ್ಲಿ ‘ನನಗೆ ಅರ್ಥವಾಗಲಿಲ್ಲ’ ಎಂದರೆ, ದುಭಾಷಿ ‘ಅವಳಿಗೆ ಅರ್ಥವಾಗಲಿಲ್ಲವಂತೆ’ ಎನ್ನುವ ಹಾಗಿಲ್ಲ. ‘ನನಗೆ ಅರ್ಥವಾಗಲಿಲ್ಲ’ ಎಂದೇ ಹೇಳಬೇಕು. ಸೇರಿಸುವಂತಿಲ್ಲ, ಬಿಡುವಂತಿಲ್ಲ, ತನ್ನ ಅಭಿಪ್ರಾಯ ತುರುಕುವಂತಿಲ್ಲ. ಹಾಗಾಗಿ ಒಂದೇ ಪಾಠದಲ್ಲಿ ಅವರು ಬೀಜಗಣಿತ ತಲೆಗೆ ಹತ್ತದ ಹುಡುಗಿಯೂ ಆಗುತ್ತಿದ್ದರು, ಹತ್ತಿಸಲಾಗದೆ ಸಿಡುಕುವ ಮೇಷ್ಟ್ರೂ ಆಗುತ್ತಿದ್ದರು.

ಒಮ್ಮೆ ಹಿಂದಿನ ಬೆಂಚಿನವನೊಬ್ಬ ಕೇಳಿದ: “ಮೇಡಂ, ನಿಮ್ಗೆ ಶೀತ ಆದ್ರೆ ಸೀನೋದು ಯಾರು, ನೀವಾ ಅವಳಾ?”

ಅದನ್ನೂ ಅವರು ಕೈಗೆ ತಂದರು. ಹುಡುಗಿಯ ಬೆರಳುಗಳು ತಟ್ಟನೆ ಆಡಿದವು. ದುಭಾಷಿ ಮುಖ ಗಂಭೀರವಾಗಿಟ್ಟುಕೊಂಡೇ ಬಾಯಿಗೆ ತಂದರು: “ಸೀನೋದು ಅವ್ರು, ಮೂಗು ಒರೆಸ್ಕೊಳ್ಳೋದು ನಾನು. ನಿಂಗೇನು ಕಷ್ಟ?”

ಅವರಿಗೆ ಈ ಭಾಷೆ ತರಬೇತಿಯಿಂದ ಬಂದದ್ದಲ್ಲ. ಅಪ್ಪ, ಅಮ್ಮ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ. ಅಪ್ಪ ಮುದ್ರಣಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದರು, ಅಮ್ಮ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಆ ಮನೆಯಲ್ಲಿ ಯಾರನ್ನಾದರೂ ಕರೆಯಬೇಕೆಂದರೆ ನೆಲಕ್ಕೆ ಕಾಲು ಕುಟ್ಟಬೇಕಿತ್ತು. ಮಕ್ಕಳ ತಕರಾರು ಅತಿಯಾದರೆ ಅಮ್ಮ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು, ಅಲ್ಲಿಗೆ ವಾದ ಮುಗಿದಂತೆ. ಕಿರಿಯ ಮಗಳಾದ ಇವರು ಮೊದಲ ಮಾತು ಆಡಿದ್ದು ಬೆರಳಲ್ಲಿ, ಬಾಯಿಗೆ ಮಾತು ಬಂದದ್ದು ಆಮೇಲೆ.

ಈಗ ಅಪ್ಪ, ಅಮ್ಮ ಇಬ್ಬರೂ ಇಲ್ಲ. ಅಕ್ಕ ಮದುವೆಯಾಗಿ ಬೇರೆ ಊರಿನಲ್ಲಿದ್ದಾರೆ. ದುಭಾಷಿ ಮದುವೆಯಾಗಲಿಲ್ಲ. ಮಹಡಿಯ ಮೇಲೊಂದು ಕೋಣೆ, ಒಬ್ಬರೇ ತಿರುಗಾಡಬಹುದಾದಷ್ಟು ಅಡುಗೆಮನೆ, ಪಕ್ಕದ ಮನೆಯ ಗೋಡೆಯನ್ನು ತೋರಿಸುವ ಕಿಟಕಿ. ಭಾನುವಾರ ಅಕ್ಕನ ಫೋನು ಬರುತ್ತದೆ.

“ಏನೇ, ವಾರವೆಲ್ಲ ಊರವ್ರ ಮಾತಾಡಿ ಸಾಕಾಯ್ತಾ? ಈಗಾದ್ರೂ ನಿಂದು ಏನಾದ್ರೂ ಹೇಳು.”

“ನಂದೇನಿದೆ ಅಕ್ಕ? ವಿಡಿಯೋ ಹಾಕು, ಅಮ್ಮನ ಹತ್ರ ಆಡ್ತಿದ್ವಲ್ಲ, ಹಾಗೆ ಮಾತಾಡೋಣ.”

“ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಸೌಟು. ಮೂರನೇ ಕೈ ಎಲ್ಲಿಂದ ತರ್ಲಿ? ಅಲ್ದೆ ನಂಗೆ ಅದೆಲ್ಲ ಮರ್ತೇ ಹೋಗಿದೆ ಕಣೇ.”

ಹೀಗಾಗಿ ಅಮ್ಮನ ಭಾಷೆಯಲ್ಲಿ ದಿನವೂ ಮಾತಾಡಲು ಅವರಿಗೆ ಉಳಿದಿದ್ದವಳು ಆ ವಿದ್ಯಾರ್ಥಿನಿ ಮಾತ್ರ. ಪಾಠದ ಹೊತ್ತಿನಲ್ಲಿ ಪದ್ಧತಿ ಅಡ್ಡಬರುತ್ತಿತ್ತು. ಊಟದ ಬಿಡುವಿನಲ್ಲಿ ಮಾತ್ರ ಇಬ್ಬರೂ ಸಭಾಂಗಣದ ಮೆಟ್ಟಿಲ ಮೇಲೆ ಕೂತು, ಡಬ್ಬಿ ಮುಚ್ಚಳ ತೆರೆದಿಟ್ಟು, ತುತ್ತಿನ ನಡುವೆ ಹರಟುತ್ತಿದ್ದರು. ಹುಡುಗಿ ಮೇಷ್ಟ್ರುಗಳನ್ನು ಅಣಕಿಸುತ್ತಿದ್ದಳು. ದುಭಾಷಿ ನಕ್ಕು ನಕ್ಕು ಕೆಮ್ಮುತ್ತಿದ್ದರು. ದೂರದಿಂದ ನೋಡಿದವರಿಗೆ ಶಬ್ದವಿಲ್ಲದ ಜಗಳದಂತೆ ಕಾಣುತ್ತಿತ್ತು.

ಹುಡುಗಿ ಬೆಳಕಿನ ವಿಭಾಗ ಸೇರಿದ್ದು ತನ್ನದೇ ಹಟದಿಂದ. ಪರೀಕ್ಷೆಯಲ್ಲಿ ನಾಟಕದ ಮೇಷ್ಟ್ರು ವೇದಿಕೆಯ ಮೇಲೆ ಖಾಲಿ ಕುರ್ಚಿಯೊಂದನ್ನಿಟ್ಟು, ಯಾರೋ ಈಗಷ್ಟೇ ಎದ್ದುಹೋದಂತೆ ಕಾಣಿಸಬೇಕು ಎಂದಿದ್ದರು. ಬೇರೆಯವರು ಇದ್ದ ದೀಪಗಳನ್ನೆಲ್ಲ ಹಚ್ಚಿದರು. ಇವಳು ಕುರ್ಚಿಯ ಹಿಂದೆ ಒಂದೇ ದೀಪವನ್ನು ತಗ್ಗಿಸಿಟ್ಟು, ಅದರ ನೆರಳು ಬಾಗಿಲ ಕಡೆಗೆ ಉದ್ದಕ್ಕೆ ಚಾಚುವಂತೆ ಮಾಡಿದಳು. ಮೇಷ್ಟ್ರು ಕುರ್ಚಿಯ ಸುತ್ತ ಒಮ್ಮೆ ನಡೆದು ನೋಡಿದರು. ಆಮೇಲೆ ದುಭಾಷಿಯ ಕಡೆ ತಿರುಗಿ, “ಸೇರ್ಕೊಳ್ಳೋಕೆ ಹೇಳಿ ಅವಳಿಗೆ” ಎಂದರು. ಹುಡುಗಿಯನ್ನು ನೋಡಿ ಹೇಳಲಿಲ್ಲ.

ದೀಪದ ಕೋಣೆ ಸಭಾಂಗಣದ ಹಿಂಭಾಗದಲ್ಲಿ, ಪ್ರೇಕ್ಷಕರ ತಲೆಗಳಿಗಿಂತ ಎತ್ತರದಲ್ಲಿದೆ. ಮುಂದೆ ಅಗಲವಾದ ಗಾಜು, ಅದರ ಕೆಳಗೆ ಗುಂಡಿಗಳ ಹಲಗೆ. ವೇದಿಕೆಯ ಪಕ್ಕದಿಂದ ಒಬ್ಬ ವಿದ್ಯಾರ್ಥಿ ಸೂಚನೆ ಕೊಡುತ್ತಾನೆ: ಸಿದ್ಧವಾಗು, ಈಗ. ಉಳಿದವರಿಗೆ ಅದು ಕಿವಿಗೆ ಸಿಕ್ಕಿಸಿದ ಯಂತ್ರದಲ್ಲಿ ಕೇಳುತ್ತದೆ. ಈ ಹುಡುಗಿಯ ಬದಲು ದುಭಾಷಿ ಅದನ್ನು ಸಿಕ್ಕಿಸಿಕೊಂಡು, ಕೇಳಿದ್ದನ್ನು ಕೈಯಲ್ಲಿ ದಾಟಿಸುತ್ತಿದ್ದರು. ಕತ್ತಲಲ್ಲಿ ಕೈ ಕಾಣುವುದಿಲ್ಲ. ಅದಕ್ಕೆ ಅವರು ಕೊರಳಪಟ್ಟಿಗೆ ಪುಟ್ಟ ದೀಪವೊಂದನ್ನು ಸಿಕ್ಕಿಸಿ, ಅದು ಬೆರಳುಗಳ ಮೇಲೆ ಮಾತ್ರ ಬೀಳುವಂತೆ ಬಾಗಿಸಿಕೊಂಡಿದ್ದರು. ಅಭ್ಯಾಸದ ದಿನಗಳಲ್ಲಿ ಇದು ನಡೆಯಿತು, ಏಕೆಂದರೆ ಆಗ ಸಭಾಂಗಣದ ಬಾಗಿಲುಗಳು ತೆರೆದಿರುತ್ತಿದ್ದವು, ಪೂರ್ತಿ ಕತ್ತಲಾಗುತ್ತಲೇ ಇರಲಿಲ್ಲ.

ಮೊದಲ ಪ್ರದರ್ಶನದ ಸಂಜೆ ಬಾಗಿಲು ಮುಚ್ಚಿದರು. ನಾಟಕದ ನಡುವೆ ತಾಯಿಯೊಬ್ಬಳು ಮಗುವನ್ನು ಕಳೆದುಕೊಳ್ಳುವ ದೃಶ್ಯ. ದೀಪಗಳೆಲ್ಲ ಆರಬೇಕು, ಕತ್ತಲಲ್ಲಿ ಒಂದು ಕೂಗು ಕೇಳಬೇಕು, ಮತ್ತೆ ಬೆಳಕಾದಾಗ ತೊಟ್ಟಿಲು ಖಾಲಿ ಇರಬೇಕು. ದೀಪ ಆರಿತು. ಹಿಂದಿನ ಗಾಜಿನಲ್ಲಿ ಎರಡು ಕೈಗಳು ತೇಲಿದವು. ಮೊದಲು ತಿರುಗಿ ನೋಡಿದ್ದು ಒಂದು ಮಗು. ಆಮೇಲೆ ಸಾಲಿಗೆ ಸಾಲೇ ತಿರುಗಿತು. ಕೂಗು ಕೇಳಿದಾಗ ಯಾರೂ ವೇದಿಕೆ ನೋಡುತ್ತಿರಲಿಲ್ಲ, ಅರ್ಧ ಸಭೆ ನಗುತ್ತಿತ್ತು. ದುಭಾಷಿಗೆ ನಗು ಕೇಳಿಸಿತು, ಕಾರಣ ತಿಳಿಯಲಿಲ್ಲ. ಕೇಳಿಸಿದ್ದನ್ನು ದಾಟಿಸುವುದು ಅವರ ಕೆಲಸ. ‘ನಗುತ್ತಿದ್ದಾರೆ’ ಎಂದು ಕೈಯಲ್ಲಿ ಹೇಳಿದರು. ಅದೂ ಗಾಜಿನಲ್ಲಿ ಕಂಡಿತು.

ಮರುದಿನ ಶಾಲೆಯಲ್ಲಿ ಎಲ್ಲರ ಬಾಯಲ್ಲೂ ದೆವ್ವದ ಕೈಯ ಮಾತು. ಮೆಟ್ಟಿಲ ಮೇಲೆ ಹುಡುಗಿ ಡಬ್ಬಿ ತೆರೆಯಲಿಲ್ಲ. ದುಭಾಷಿ ಕ್ಷಮೆ ಕೇಳಿದರು. ಅವಳು ತಲೆಯಾಡಿಸಿ ಬೇರೆ ಕಡೆ ನೋಡಿದಳು. ಈ ಭಾಷೆಯಲ್ಲಿ ಬೇರೆ ಕಡೆ ನೋಡುವುದೆಂದರೆ ಬಾಗಿಲು ಹಾಕಿಕೊಂಡ ಹಾಗೆ.

ಆ ವಾರವೇ ಬೆಳಕಿನ ವಿಭಾಗದ ಮಕ್ಕಳು ಯಂತ್ರದ ಶೆಡ್ಡಿನಿಂದ ತಂತಿ ತಂದು, ಹಲಗೆಯ ಮೇಲೆ ಬಟಾಣಿಯಷ್ಟು ಗಾತ್ರದ ಎರಡು ಬಲ್ಬು ಕೂರಿಸಿದರು. ಕೆಂಪು ಹೊತ್ತಿದರೆ ಸಿದ್ಧವಾಗು, ಹಸಿರಾದರೆ ಈಗ. ಇದನ್ನು ಯಾವಾಗಲೋ ಮಾಡಬಹುದಿತ್ತು. ದುಭಾಷಿ ಇದ್ದಾರಲ್ಲ ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಹುಡುಗಿ ಭೇಟಿಗೆ ಸಮಯ ಕೇಳಿದ್ದು ಆಮೇಲೆ. ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ನಾಟಕದ ಮೇಷ್ಟ್ರು, ಬಸ್ ಓಡಿಸುವ ಅವಳ ಅಪ್ಪ, ಅವಳು, ದುಭಾಷಿ. ಅಪ್ಪನಿಗೆ ಮನೆ ಮಟ್ಟಿಗಿನ ಸನ್ನೆ ಬರುತ್ತದೆ: ಊಟ, ನಿದ್ದೆ, ಬೇಗ, ಬೇಡ. ಅದಕ್ಕಿಂತ ಹೆಚ್ಚಿನದಕ್ಕೆ ದುಭಾಷಿಯೇ ಬೇಕು. ಹುಡುಗಿ ಕೈ ಎತ್ತಿದಳು. ದುಭಾಷಿ ಬಾಯಿ ತೆರೆದರು.

“ಮಧ್ಯಾಹ್ನದ ಕೆಲಸಕ್ಕೆ ನಂಗೆ ದುಭಾಷಿ ಬೇಡ.”

ಹುಡುಗಿಯ ಕೈ ಆಡಿದ್ದು ಏನೆಂಬುದು ಅವಳಿಗೂ ದುಭಾಷಿಗೂ ಮಾತ್ರ ಗೊತ್ತಿತ್ತು. ಒಂದೆರಡು ಪದ ತಗ್ಗಿಸಿದ್ದರೆ, ‘ಸದ್ಯಕ್ಕೆ’ ಎಂದೋ ‘ಕೆಲವು ದಿನ’ ಎಂದೋ ಸೇರಿಸಿದ್ದರೆ, ಕೇಳುವವರಿರಲಿಲ್ಲ. ಮಧ್ಯಾಹ್ನಗಳು ಹೋದರೆ ಊಟದ ಬಿಡುವೂ ಹೋಗುತ್ತದೆ, ಬೆಳಗಿನ ಪಾಠ ಮುಗಿಯುತ್ತಿದ್ದಂತೆ ತಮ್ಮನ್ನು ಬೇರೆಡೆಗೆ ಕಳಿಸುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಹುಡುಗಿಯ ಕೈ ನಿಂತಿರಲಿಲ್ಲ. ದುಭಾಷಿಯ ದನಿಯೂ ನಿಲ್ಲಲಿಲ್ಲ.

“ಅವ್ರು ಪಕ್ಕದಲ್ಲಿದ್ರೆ ಎಲ್ಲರೂ ಅವ್ರನ್ನೇ ನೋಡ್ತಾರೆ. ನನ್ ಜೊತೆ ಮಾತಾಡೋರು ಅವ್ರ ಜೊತೆ ಮಾತಾಡ್ತಾರೆ. ಅವ್ರಿಲ್ದೇ ಇದ್ರೆ ಹುಡುಗ್ರು ಕಷ್ಟಪಟ್ಟಾದ್ರೂ ನಂಗೇ ಹೇಳ್ತಾರೆ.”

ಅಪ್ಪ ಮುಖ ಕೆಂಪಗೆ ಮಾಡಿಕೊಂಡು ದುಭಾಷಿಯನ್ನೇ ನೋಡುತ್ತ ಗದರಿದರು: “ಏನಮ್ಮಾ ಇದು? ಹೀಗಾ ಮಾತಾಡೋದು? ಮೇಡಂ ನಿಂಗೆ ಎಷ್ಟು ಮಾಡಿದಾರೆ! ಸ್ವಂತ ಚಿಕ್ಕಮ್ಮನೂ ಮಾಡ್ತಿರ್ಲಿಲ್ಲ!”

ಇದನ್ನೂ ದಾಟಿಸಬೇಕಿತ್ತು. ‘ಮೇಡಂ ನಿನಗೆ ಎಷ್ಟು ಮಾಡಿದ್ದಾರೆ’ ಎಂದು ಅವರೇ ಅವಳಿಗೆ ಹೇಳಿದರು, ‘ಸ್ವಂತ ಚಿಕ್ಕಮ್ಮ’ ಎನ್ನುವುದನ್ನೂ ಬಿಡಲಿಲ್ಲ. ಹುಡುಗಿ ನೆಲ ನೋಡಲಿಲ್ಲ. ಅವರ ಕಣ್ಣನ್ನೇ ನೋಡಿ ಉತ್ತರಿಸಿದಳು.

“ಗೊತ್ತು” ಎಂದರು ದುಭಾಷಿ.

ಮುಖ್ಯೋಪಾಧ್ಯಾಯಿನಿ ಕನ್ನಡಕ ಸರಿಪಡಿಸಿಕೊಂಡರು. “ಮೇಡಂ, ಈಗ ನಿಮ್ಮನ್ನೇ ಕೇಳ್ತಿದೀನಿ. ನೀವೇನಂತೀರಿ?”

ಈ ಶಾಲೆಯಲ್ಲಿ ಅವರಿಗೆ ಆ ಪ್ರಶ್ನೆ ಬಂದದ್ದು ಇದೇ ಮೊದಲು. ಅವರು ಕೈಯಲ್ಲಿಯೂ ಬಾಯಲ್ಲಿಯೂ ಒಟ್ಟಿಗೆ ಉತ್ತರಿಸಲು ನೋಡಿದರು. ಎರಡರ ನಡಿಗೆ ಬೇರೆ, ಒಂದು ಇನ್ನೊಂದಕ್ಕೆ ಅಡ್ಡಗಾಲು ಹಾಕುತ್ತದೆ. ಬಾಯಿ ಮುಚ್ಚಿ ಮೊದಲು ಹುಡುಗಿಗೆ ಹೇಳಿ ಮುಗಿಸಿದರು. ಆಮೇಲೆ ಉಳಿದವರಿಗೆ: “ಕತ್ತಲಲ್ಲಿ ನನ್ನಿಂದ ಏನೂ ಆಗಲ್ಲ ಮೇಡಂ. ಬಲ್ಬು ಸಾಕು.”

ಈಗ ಬೆಳಗಿನ ಪಾಠ ಮುಗಿದ ಮೇಲೆ ಅವರು ಎರಡು ಬಸ್ಸು ಹಿಡಿದು ದೊಡ್ಡಾಸ್ಪತ್ರೆಗೆ ಹೋಗುತ್ತಾರೆ. ಕಿವಿ ಕೇಳದ ರೋಗಿಗಳು ಬಂದರೆ ವೈದ್ಯರ ಕೋಣೆಯಲ್ಲಿ ನಿಲ್ಲುತ್ತಾರೆ. ಎಲ್ಲಿ ನೋವು, ಎಷ್ಟು ದಿನದಿಂದ, ನಾಲಿಗೆ ತೋರಿಸಿ. ಅಂಥ ರೋಗಿಗಳು ಬಾರದ ದಿನ ಹೊರಗಿನ ಬೆಂಚಿನ ಮೇಲೆ ಕೂತು, ಬಸ್ಸಿಗೆ ಹೊತ್ತಾಗುವವರೆಗೆ ಜನರನ್ನು ನೋಡುತ್ತಾರೆ. ಊಟವನ್ನು ಬಸ್ಸು ಬದಲಿಸುವಲ್ಲಿ, ನಿಂತೇ ಮುಗಿಸುತ್ತಾರೆ.

ಮುಂದಿನ ನಾಟಕಕ್ಕೆ ಅವರು ಪ್ರೇಕ್ಷಕರ ನಡುವೆ ಕೂತರು. ಪಕ್ಕದಲ್ಲಿ ಹುಡುಗಿಯ ಅಪ್ಪ. ಒಂದು ದೃಶ್ಯದ ಕೊನೆಗೆ ದೀಪಗಳು ಆರಿದವು. ದುಭಾಷಿ ಹಿಂದೆ ತಿರುಗಿ ನೋಡಿದರು. ಗಾಜು ಎಲ್ಲಿದೆ ಎಂಬುದೇ ತಿಳಿಯಲಿಲ್ಲ.

ಆಟ ಮುಗಿದು ದೀಪದ ಕೋಣೆಯವರು ಗುಂಪಾಗಿ ಕೆಳಗಿಳಿದು ಬಂದರು. ಹುಡುಗಿ ನಡುವೆ ಇದ್ದಳು. ಮಣಿಕಟ್ಟಿಗೆ ಎರಡು ಸಲ ತಟ್ಟಿ, ಮುಷ್ಟಿಯನ್ನು ಗಲ್ಲದ ಬಳಿ ತಂದು ಬಿಡಿಸಿದಳು. ಗೆಳೆಯರೆಲ್ಲ ಗೊಳ್ಳೆಂದರು. ಒಬ್ಬ ಅದನ್ನೇ ತಿರುಗುಮುರುಗು ಮಾಡಿ ತೋರಿಸಿದ. ಮತ್ತೆ ನಗು.

“ಏನಂದ್ಲು ಮೇಡಂ?” ಎಂದರು ಅಪ್ಪ.

“ಗೊತ್ತಾಗ್ಲಿಲ್ಲ.”

“ನಿಮ್ಗೇ ಗೊತ್ತಾಗ್ಲಿಲ್ವಾ?”

“ಇದು ಅವ್ರೇ ಮಾಡ್ಕೊಂಡಿರೋದು ಅನ್ಸುತ್ತೆ. ಆ ಕೋಣೆಯವ್ರು.”

ಹುಡುಗಿ ಇಬ್ಬರನ್ನೂ ಕಂಡು ಓಡಿಬಂದಳು. ಕತ್ತಲು ಹೇಗಿತ್ತು ಎಂದು ದುಭಾಷಿಯನ್ನು ಕೇಳಿದಳು. ಪೂರ್ತಿ ಇತ್ತು, ನನ್ನ ಕೈ ನನಗೇ ಕಾಣಲಿಲ್ಲ ಎಂದರು ಅವರು. ಅವಳ ಮುಖ ಅರಳಿತು. ಕೇಬಲ್ ಸುತ್ತುವ ಕೆಲಸವಿದೆ ಎಂದು ಹೇಳಿ, ಬಂದಷ್ಟೇ ವೇಗದಲ್ಲಿ ಒಳಗೆ ಹೋದಳು.

ಅಪ್ಪ ಮಗಳಿಗಾಗಿ ಬಾಗಿಲ ಬಳಿ ಕಾಯುತ್ತ ನಿಂತರು. ದುಭಾಷಿಗೆ ಕಾಯಲು ಕಾರಣವಿರಲಿಲ್ಲ. ಅವರು ಗೇಟಿನ ಕಡೆ ನಡೆದರು.