ಮಗುವನ್ನು ಎತ್ತಿಕೊಂಡವಳು

ಹಳೇಬೀಡಿನಲ್ಲಿ ಅರಸೀಕೆರೆ ಬಸ್ಸಿಗೆ ಕಾದು ಕಾದು ಸೊಂಟ ಬಿದ್ದುಹೋಗಿತ್ತು. ಪಕ್ಕದಲ್ಲಿ ಕುಳಿತ ಡೆನ್ಮಾರ್ಕಿನ ಹೆಂಗಸು ತನ್ನ ವಂಶದವರನ್ನು ಹುಡುಕುವ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳುತ್ತಲೇ ಇದ್ದಳು. ಮುತ್ತಜ್ಜನಿಗೆ ಹೆಸರಿಟ್ಟ ದೀಕ್ಷಾಸ್ನಾನಕ್ಕೆ ಸಾಕ್ಷಿಯಾದವರನ್ನೆಲ್ಲ ಚರ್ಚಿನ ಪುಸ್ತಕದಲ್ಲಿ ಬರೆದಿದ್ದಾರೆ. ಆದರೆ ಮಗುವನ್ನು ಎತ್ತಿಕೊಂಡಿದ್ದವಳ ಹೆಸರಿಲ್ಲ. ಇಂಥವನ ಹೆಂಡತಿ ಎಂದಷ್ಟೇ ಇದೆ. ಮುತ್ತಜ್ಜನ ತಾಯಿಯ ತಂಗಿಯಿರಬೇಕೆಂದು ಆ ತಾಯಿಯ ಊರಿನಲ್ಲೇ ಮೂರು ವರ್ಷ ಹುಡುಕಿದ್ದಳಂತೆ.

"ಏನಂತಪ್ಪಾ ಇವಳ್ದು?" ಎಂದಳು ಬಸ್ಸಿಗೆ ಕಾದಿದ್ದ ಮಾದಿಹಳ್ಳಿಯ ಅಜ್ಜಿ. ಒಲ್ಲದ ಮನಸ್ಸಿನಿಂದ ಕನ್ನಡದಲ್ಲಿ ಹೇಳಿದೆ.

"ಹೆಸರಿಡೋವಾಗ ಮಗೀನ ಎತ್ಕಳೋಳು ಸೋದರತ್ತೆ ಅಲ್ವಾ? ಅಪ್ಪನ ಊರಲ್ಲಿ ಹುಡುಕು ಅನ್ನು."

ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಅಜ್ಜಿಯನ್ನೇ ನೋಡುತ್ತ ಬರೆದುಕೊಂಡು, "ನಿಮ್ಮನ್ನು ಎತ್ತಿಕೊಂಡಿದ್ದವರು ಯಾರು?" ಎಂದು ನನ್ನನ್ನು ಕೇಳಿದಳು.

ನನ್ನ ಸೋದರತ್ತೆ ಬೇಲೂರಿಗೆ ಹತ್ತಿರದ ಗೆಂಡೆಹಳ್ಳಿಯಲ್ಲಿದ್ದಾಳೆ. ಬೆಳಿಗ್ಗೆ ಬೇಲೂರಿನವರೆಗೂ ಹೋಗಿದ್ದವನು, ಆಯಾಸವೆಂದು ಅವಳನ್ನು ನೋಡದೆಯೇ ಬಂದಿದ್ದೆ.